ಮೊಟ್ಟೆಗಿಂತ ಹಗುರದ ಮೌಸು

"ಕಣ್ಣು ಮುಚ್ಚಿ," ಎಂದ ಅಂಗಡಿಯವನು. "ಕಣ್ಣು ಬಿಟ್ಕೊಂಡು ಆರಿಸೋರು ಬಣ್ಣ ಆರಿಸ್ತಾರೆ. ಮುಚ್ಕೊಂಡು ಆರಿಸೋರು ಮೌಸ್ ಆರಿಸ್ತಾರೆ."

ಚಿಲಕ ಕಣ್ಣು ಮುಚ್ಚಿದಳು. ಮನೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಕಂಪ್ಯೂಟರ್ ಆಟದ ತಂಡದಲ್ಲಿ ಎಲ್ಲರ ಬಾಯಲ್ಲೂ ಅವಳು ಚಿಲಕವೇ. ಆಟದೊಳಗೆ ಉದ್ದ ಬಂದೂಕು ಹಿಡಿದು ಒಂದು ಬಾಗಿಲಿಗೆ ಕಾವಲು ಕೂತಳೆಂದರೆ ಆ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಂತೆ, ಇರುವೆಯೂ ದಾಟದು. ಆ ಹೆಸರಿಟ್ಟವಳು ತಂಡದ ನಾಯಕಿ, ಅವಳ ಒಡಹುಟ್ಟಿದ ಅಕ್ಕ. ಅಕ್ಕ ಈಗ ಅಂಗಡಿಯ ಬಾಗಿಲಿಗೆ ಒರಗಿ, ಬೀಗದ ಕೈ ಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತ, ತಂಗಿಯ ಬಲಗೈಯನ್ನೇ ನೋಡುತ್ತಿದ್ದಳು.

ಒಂದಾದ ಮೇಲೊಂದು ಮೌಸು ಅಂಗೈಯಡಿ ಬಂದು ಹೋಯಿತು. ಒಂದು ಆಮೆಯ ಬೆನ್ನಿನಂತೆ ಉಬ್ಬಿತ್ತು. ಒಂದು ಸವೆದ ಸೋಪಿನ ಬಿಲ್ಲೆಯಂತೆ ಚಪ್ಪಟೆಯಾಗಿತ್ತು. ಐದನೆಯದೋ ಆರನೆಯದೋ ಮೈತುಂಬ ತೂತು, ಜೇನುಗೂಡಿನ ಹಾಗೆ. ಅದನ್ನು ಎತ್ತಿದಾಗ ಅವಳ ಕೈ ತಾನೆಂದುಕೊಂಡದ್ದಕ್ಕಿಂತ ಗೇಣು ಮೇಲಕ್ಕೆ ಹಾರಿತು. ಕತ್ತಲಲ್ಲಿ ಇಲ್ಲದ ಮೆಟ್ಟಿಲನ್ನು ಹತ್ತಲು ಹೋದ ಕಾಲಿನ ಹಾಗೆ ಅವಳ ಎದೆ ಒಮ್ಮೆ ಧಸಕ್ಕೆಂದಿತು.

"ಇದೇ," ಎಂದಳು.

"ಎಷ್ಟು ತೂಕ ಇದು?" ಅಕ್ಕ ಕೇಳಿದಳು.

"ಮೊಟ್ಟೆಗಿಂತ ಹಗುರ, ಮೇಡಂ. ನಮ್ಮಲ್ಲಿ ಇರೋದ್ರಲ್ಲೇ ಹಗುರ. ಆದ್ರೆ ಒಂದು ಮಾತು ಹೇಳ್ಬಿಡ್ತೀನಿ. ಇದನ್ನ ತಗೊಂಡು ಹೋದೋರಲ್ಲಿ ಎರಡು ಥರ. ವಾಪಸ್ ತರೋರು ಒಬ್ರು, ತರೋಕೆ ನಾಚ್ಕೊಳ್ಳೋರು ಇನ್ನೊಬ್ರು. ಆ ಮೂರನೇದು ನೋಡಿ, ತೀರಾ ಹಗುರಾನೂ ಅಲ್ಲ, ಭಾರಾನೂ ಅಲ್ಲ. ನಿಧಾನಕ್ಕೆ ಕೈಗೆ ಒಗ್ಗುತ್ತೆ."

"ನಿಧಾನಕ್ಕೆ ಟೈಮಿಲ್ಲ," ಎಂದಳು ಚಿಲಕ.

ಅದು ನಿಜ. ಪಂದ್ಯ ಹತ್ತಿರ ಬಂದಿತ್ತು. ಗೆದ್ದ ತಂಡಕ್ಕೆ ವರ್ಷವಿಡೀ ನಡೆಯುವ ದೊಡ್ಡ ಲೀಗಿನೊಳಗೆ ಪ್ರವೇಶ, ಸೋತವರಿಗೆ ಮುಂದಿನ ವರ್ಷದವರೆಗೆ ಕಿಟಕಿಯಿಂದ ಇಣುಕುವ ಭಾಗ್ಯ. ಇಷ್ಟು ದಿನ ಅವಳು ಆಡುತ್ತಿದ್ದುದು ಅಕ್ಕನ ಹಳೇ ಮೌಸಿನಲ್ಲಿ. ಅಕ್ಕನ ಅಂಗಿ, ಅಕ್ಕನ ಪುಸ್ತಕ, ಅಕ್ಕನ ಸೈಕಲ್ಲು ಬಂದ ದಾರಿಯಲ್ಲೇ ಅದೂ ತಂಗಿಯ ಕೈಗೆ ಬಂದಿತ್ತು. ಹೊಳೆಯ ಕಲ್ಲಿನಂತೆ ನುಣುಪಾಗಿ, ಅಂಗೈ ತುಂಬುವಷ್ಟು ಭಾರವಾಗಿತ್ತು. ಏಳು ಸಮುದ್ರದಾಚೆ ಗಿಣಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನ ಹಾಗೆ ಚಿಲಕದ ಗುರಿಯೆಲ್ಲ ಅದರೊಳಗೇ ಇತ್ತು. ಗೆದ್ದ ಮೌಸನ್ನು ಬದಲಿಸಬಾರದೆಂಬುದು ಆ ತಂಡದ ಕಟ್ಟುಪಾಡು ಕೂಡ. ಆದರೆ ದಿನಾ ಅದನ್ನು ಎತ್ತಿ, ಎಳೆದು, ಮತ್ತೆ ಎತ್ತಿ ಚಿಲಕದ ಮಣಿಕಟ್ಟು ಊದಿಕೊಂಡಿತು. ಬೆಳಿಗ್ಗೆ ಹಲ್ಲುಜ್ಜಲು ಎಡಗೈ ಬೇಕಾಗುವಂತಾಯಿತು. ಡಾಕ್ಟರು ಒತ್ತಿ ನೋಡಿ, ಹಗುರದ್ದು ಹಿಡಿ, ಇಲ್ಲವೇ ಕೈಗೆ ರಜೆ ಕೊಡು ಎಂದರು.

ಅಕ್ಕ ಆ ಮಾತನ್ನು ಅಲ್ಲೇ ಆಜ್ಞೆ ಮಾಡಿದಳು. "ಕಟ್ಟುಪಾಡು ಒಲೆಗೆ ಹಾಕು. ಹಗುರದ್ದು ತಗೋ, ಇಲ್ಲ ಬೆಂಚಲ್ಲಿ ಕೂತ್ಕೋ."

ಬೆಂಚು ಎಂದರೆ ಸೂಜಿ ಇದ್ದ ಜಾಗ. ಸೂಜಿ ಆರನೆಯ ಆಟಗಾರ್ತಿ, ನರ್ಸಿಂಗ್ ಓದುವ ಹುಡುಗಿ. ಮಾತು ಕಡಿಮೆ, ಗುರಿ ಚೂಪು. ಯಾರಾದರೂ ಎದ್ದರೆ ಕೂರಲು ಸದಾ ತಯಾರಾಗಿ, ಹಿಂದಿನ ಸಾಲಿನಲ್ಲಿ ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು ಇರುತ್ತಿದ್ದಳು.

ಹಗುರದ ಮೌಸು ಮನೆಗೆ ಬಂತು. ಅದರ ಜೊತೆಗೇ ಅವಮಾನವೂ ಬಂತು.

ಅಕ್ಕನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯೇ ಅವರ ಅಭ್ಯಾಸದ ಜಾಗ. ಸಂಜೆ ಷಟರನ್ನು ಅರ್ಧಕ್ಕೆ ಎಳೆದ ಮೇಲೆ ಐದು ಕಂಪ್ಯೂಟರು ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. ಕಾಗದದ ಕಟ್ಟುಗಳಿಂದ ಬೆಚ್ಚಗಿನ ವಾಸನೆ ಬರುತ್ತಿತ್ತು. ಅಕ್ಕ ನಡುವೆ, ಅವಳ ಎಡಕ್ಕೆ ಅವಳಿ ಅಣ್ಣತಮ್ಮಂದಿರು, ಬಲಕ್ಕೆ ಚಿಲಕ, ಗೋಡೆಯ ಕಡೆ ಹಗಲು ಟ್ಯೂಷನ್ ಹೇಳಿಕೊಡುವ ಮೇಷ್ಟ್ರು. ಆಟದ ನಿಯಮ ಸರಳ. ಐವರು ಒಂದು ಕಟ್ಟಡದೊಳಗೆ ನುಗ್ಗಬೇಕು, ಐವರು ಅದನ್ನು ಕಾಯಬೇಕು, ಆಮೇಲೆ ಪಾಳಿ ಅದಲುಬದಲು. ಎಲ್ಲರಿಗಿಂತ ಮುಂದೆ ನುಗ್ಗುವವಳು ಅಕ್ಕ, ತನಗೆಂದು ಕೊಂಡ ಇನ್ನೊಂದು ಭಾರದ ಮೌಸು ಹಿಡಿದು. ದೂರದಲ್ಲಿ ಕೂತು ಉದ್ದ ಬಂದೂಕಿನಿಂದ ಬಾಗಿಲು ಕಾಯುವವಳು ಚಿಲಕ.

ಎದುರಾಳಿ ಬಾಗಿಲಲ್ಲಿ ತಲೆ ಹಾಕಿದ. ಚಿಲಕ ಎಂದಿನಂತೆ ಕೈ ಸರಿಸಿದಳು. ಗುರಿ ಅವನ ತಲೆ ದಾಟಿ, ಚೌಕಟ್ಟು ದಾಟಿ, ಪಕ್ಕದ ಗೋಡೆಯ ಮೇಲೆ ಹೋಗಿ ನಿಂತಿತು. ಮತ್ತೊಮ್ಮೆ ಸರಿಸಿದರೆ ಈಚೆಗೆ ಹಾರಿತು. ಅಷ್ಟರಲ್ಲಿ ಅವಳು ಸತ್ತಿದ್ದಳು.

"ಅಯ್ಯೋ, ಗೋಡೆಗೆ ಸುಣ್ಣ ಹೊಡಿತಿದ್ದೀಯಾ?" ಎಂದ ಅವಳಿಗಳಲ್ಲಿ ದೊಡ್ಡವನು.

"ಸುಣ್ಣ ಅಲ್ಲ ಕಣೋ, ಮೊಳೆ. ಫೋಟೋ ನೇತುಹಾಕ್ತಾಳಂತೆ," ಎಂದ ಚಿಕ್ಕವನು.

ಚಿಲಕ ನಕ್ಕಳು. ನಗದಿದ್ದರೆ ಅಳು ಬರುತ್ತಿತ್ತು. ಮೌಸಿನ ವೇಗ ತಗ್ಗಿಸಿ ನೋಡಿದಳು, ಏರಿಸಿ ನೋಡಿದಳು, ಅದರಡಿ ಹಾಸುವ ಬಟ್ಟೆ ಬದಲಿಸಿ ನೋಡಿದಳು. ಕುಣಿಯಲಾರದವಳು ಅಂಗಳವನ್ನು ಬೈದಂತೆ ಕುರ್ಚಿಯನ್ನೂ ಬೈದು ನೋಡಿದಳು. ವರ್ಷಗಳಿಂದ ಭಾರವನ್ನು ತಳ್ಳಿ ತಳ್ಳಿ ಕಲಿತ ಕೈ, ತಳ್ಳಲು ಭಾರವೇ ಇಲ್ಲದಾಗ ಮುಗ್ಗರಿಸುತ್ತಿತ್ತು.

ಒಂದು ಸಂಜೆ ಉಳಿದವರು ಹೋದ ಮೇಲೆ ಅಕ್ಕ ಯಂತ್ರದ ಪ್ಲಗ್ಗು ಕೀಳುತ್ತ, ಮುಖ ನೋಡದೆ ಹೇಳಿದಳು. "ಪಂದ್ಯದ ಹೊತ್ತಿಗೆ ಕೈ ಕೂರ್ಲಿಲ್ಲ ಅಂದ್ರೆ ನಿನ್ನ ಕುರ್ಚೀಲಿ ಸೂಜಿ ಕೂರ್ತಾಳೆ. ನಾನು ಅಕ್ಕ ಅಂತ ಆಮೇಲೆ ಅಳ್ಬೇಡ."

"ಅಳಲ್ಲ."

"ಹಳೇ ಮೌಸ್ ಮುಟ್ಟಿದ್ರೂ ಅದೇ ಗತಿ. ಈಗ್ಲೇ ಹೇಳಿದ್ದೀನಿ."

ಚಿಲಕ ಹಳೇ ಮೌಸು ಮುಟ್ಟಲಿಲ್ಲ. ಮರುದಿನ ಪುಸ್ತಕದಂಗಡಿಗೆ ಹೋಗಿ ಮಕ್ಕಳು ಗೊಂಬೆ ಮಾಡುವ ಜೇಡಿಮಣ್ಣಿನ ಒಂದು ಪೊಟ್ಟಣ ತಂದಳು. ಬಾಗಿಲು ಹಾಕಿಕೊಂಡು ಹೊಸ ಮೌಸಿನ ಸ್ಕ್ರೂ ಬಿಚ್ಚಿ, ಒಂದು ಚಿಟಿಕೆ ಜೇಡಿಯನ್ನು ಒಳಗಿನ ಮೂಲೆಗೆ ಒತ್ತಿದಳು. ಒಂದೇ ಚಿಟಿಕೆ, ಸಾರಿಗೆ ಉಪ್ಪು ನೋಡಿ ಹಾಕುವ ಹಾಗೆ. ಅವತ್ತು ಗುರಿ ಗೋಡೆಯ ತನಕ ಹೋಗದೆ ಚೌಕಟ್ಟಿಗೇ ನಿಂತಿತು. ಆಸೆ ಹುಟ್ಟಿತು. ಇನ್ನೊಂದು ಚಿಟಿಕೆ, ಇನ್ನೊಂದು ದಿನ ಇನ್ನೊಂದು. ಬಾಗಿಲಲ್ಲಿ ತಲೆ ಹಾಕಿದವರು ಬೀಳತೊಡಗಿದರು. ಅವಳಿಗಳ ಬಾಯಿ ಮುಚ್ಚಿತು. ಅಕ್ಕ ಒಮ್ಮೆ ಹಿಂದಿನಿಂದ ಬಂದು ಅವಳ ತಲೆ ಸವರಿ, "ಕೈ ಒಗ್ಗಿತಲ್ವಾ? ಹೇಳ್ಲಿಲ್ವಾ ನಾನು?" ಎಂದಳು.

"ಒಗ್ಗಿತು," ಎಂದಳು ಚಿಲಕ.

ಮೊಟ್ಟೆಗಿಂತ ಹಗುರದ ಮೌಸು ಮೆಲ್ಲಮೆಲ್ಲನೆ ಹೊಳೆಯ ಕಲ್ಲಾಗುತ್ತಿರುವುದು ಅವಳಿಗೆ ತಿಳಿಯದೆ ಇರಲಿಲ್ಲ. ಮಣಿಕಟ್ಟು ದಿನಾ ಹೇಳುತ್ತಿತ್ತು. ಅವಳು ಉದ್ದ ತೋಳಿನ ಅಂಗಿ ಹಾಕಿ ಅದರ ಬಾಯಿ ಮುಚ್ಚಿದಳು. ಕುರ್ಚಿಯೊಂದು ಉಳಿದರೆ ಸಾಕು, ಲೀಗಿನೊಳಗೆ ಕಾಲಿಟ್ಟ ಮೇಲೆ ಕೈಯ ಮಾತು ಕೇಳಿದರಾಯಿತು ಎಂದುಕೊಂಡಳು.

ಪಂದ್ಯದ ದಿನ ಬಾಡಿಗೆಯ ಸಭಾಂಗಣದಲ್ಲಿ ಕಂಪ್ಯೂಟರುಗಳ ಎರಡು ಸಾಲು ಎದುರುಬದುರಾಗಿ ಕೂತಿದ್ದವು. ನೆಲದ ಮೇಲೆ ವೈರುಗಳನ್ನು ಟೇಪಿನಿಂದ ಅಂಟಿಸಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಆಗಲೇ ತುಂಬಿದ್ದರು. ಬಾಗಿಲ ಪಕ್ಕದ ಮೇಜಿನಲ್ಲಿ ತೀರ್ಪುಗಾರ್ತಿ ಕೂತಿದ್ದಳು. ನಡುವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ, ಕೈಯಲ್ಲಿ ಪುಟ್ಟ ಟಾರ್ಚು. ಒಳಗೆ ಮೋಸದ ಚಿಪ್ಪು ಗಿಪ್ಪು ಇಟ್ಟಿದ್ದಾರೆಯೇ ಎಂದು ಪ್ರತಿ ಮೌಸನ್ನೂ ನೋಡುವುದು ಅವಳ ಕೆಲಸ. ನೋಡಿ ಆದಮೇಲೆ ಅದಕ್ಕೊಂದು ಕೆಂಪು ಚೀಟಿ ಅಂಟಿಸುತ್ತಿದ್ದಳು. ಚೀಟಿ ಬಿದ್ದ ಮೌಸೊಂದೇ ಆ ಆಟಗಾರರಿಗೆ ಇಡೀ ದಿನಕ್ಕೆ. ಬದಲಿಸುವಂತಿಲ್ಲ.

ಚಿಲಕ ಬ್ಯಾಗಿನೊಳಗೆ ಕೈ ಹಾಕಿದಳು. ಬೆರಳಿಗೆ ಎರಡು ಮೌಸು ತಾಗಿದವು. ಇರಲಿ ಎಂದು ಹಳೆಯದನ್ನೂ ತಂದಿದ್ದಳು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಹೊಸದನ್ನು ತೆಗೆದು ಮೇಜಿನ ಮೇಲಿಟ್ಟಳು.

ತೀರ್ಪುಗಾರ್ತಿ ಅದನ್ನು ಎತ್ತಿದಳು. ಹುಬ್ಬು ಗಂಟಾಯಿತು. ಟಾರ್ಚು ಹಾಕಿ ಜೇನುಗೂಡಿನ ತೂತುಗಳೊಳಗೆ ಇಣುಕಿದಳು. ಹಸಿರು ಹಲಗೆ ಕಾಣಬೇಕಾದ ಕಡೆ ಬೂದುಬಣ್ಣದ ಮುದ್ದೆ ಕಂಡಿತು.

"ಏನಮ್ಮಾ ಇದು ಒಳಗೆ?"

ಅಕ್ಕನ ಬೆರಳಲ್ಲಿ ತಿರುಗುತ್ತಿದ್ದ ಬೀಗದ ಕೈ ಗೊಂಚಲು ನಿಂತಿತು.

"ಜೇಡಿ," ಎಂದಳು ಚಿಲಕ.

"ಜೇಡಿ? ಮೌಸೊಳಗೆ ಗಣಿಗಾರಿಕೆ ಮಾಡ್ತಿದ್ದೀಯಾ?" ತೀರ್ಪುಗಾರ್ತಿ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಮೌಸು ಎರಡು ಹೋಳಾಯಿತು. ಒಳಗೆ ಮೂಲೆಮೂಲೆಗೂ ಒತ್ತಿದ ಜೇಡಿ, ಅದರ ಮೇಲೆ ಚಿಲಕದ ಹೆಬ್ಬೆರಳಿನ ಗುರುತು. "ಮೋಸ ಏನಿಲ್ಲ, ಕಾಣುತ್ತೆ. ಆದ್ರೆ ಕಾರ್ಖಾನೇಲಿ ಹಾಕದ್ದು ಒಳಗಿರೋ ಹಾಗಿಲ್ಲ. ಪೂರ್ತಿ ಕೆರೆದು ತೆಗಿ, ಬಿಡ್ತೀನಿ. ಇಲ್ಲ ಬೇರೆ ಮೌಸ್ ಕೊಡು. ಬೇಗ ಹೇಳು, ಹಿಂದೆ ಜನ ಕಾಯ್ತಿದ್ದಾರೆ."

ಅಕ್ಕ ಆ ಬೂದು ಮುದ್ದೆಯನ್ನು ನೋಡಿದಳು. ತಂಗಿಯನ್ನು ನೋಡಿದಳು. ಅವಳ ಉದ್ದ ತೋಳನ್ನು ಮೊಣಕೈಯವರೆಗೆ ಸರಕ್ಕನೆ ಮೇಲೆ ಸರಿಸಿದಳು. ಮಣಿಕಟ್ಟು ಬನ್ನಿನಂತೆ ಊದಿತ್ತು.

"ಎಷ್ಟು ದಿನದಿಂದ?"

"ಕೈ ಒಗ್ಗಿತು ಅಂದ್ನಲ್ಲ, ಆವತ್ತಿಗೂ ಮುಂಚಿಂದ."

"ಆವತ್ತು ನಿನ್ನ ತಲೆ ಸವರಿದ್ದೆ ನಾನು," ಎಂದಳು ಅಕ್ಕ, ತೀರಾ ಮೆಲ್ಲಗೆ. ಅಕ್ಕ ಕಿರುಚಿದರೆ ಚಿಲಕ ತಾಳಿಕೊಳ್ಳುತ್ತಿದ್ದಳು. ಮೆಲ್ಲನೆ ಮಾತಾಡಿದಾಗ ಕಾಲಡಿಯ ನೆಲವೇ ಸರಿದಂತಾಯಿತು. "ಬ್ಯಾಗಲ್ಲಿ ಹಳೇದೂ ಇದೆ ಅಲ್ವಾ?"

"ಇದೆ."

"ತೆಗೀಬೇಡ."

"ತೆಗಿಯಲ್ಲ. ಅಕ್ಕಾ, ಒಂದು ಆಟ ಕೊಡು. ಖಾಲಿ ಮೌಸಲ್ಲೇ ಆಡ್ತೀನಿ. ಸೋತ್ರೆ ನಾನೇ ಎದ್ದು ಸೂಜೀನ ಕೂರಿಸ್ತೀನಿ."

ಹಿಂದಿನಿಂದ ಯಾರೋ ಗೊಣಗಿದರು. ಅಕ್ಕನ ಕಣ್ಣು ಸೂಜಿಯ ಕಡೆ ಹೋಯಿತು. ಸೂಜಿ ಕುತ್ತಿಗೆಯ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ಮೂರು ಆಟಗಳಲ್ಲಿ ಎರಡು ಗೆದ್ದವರು ಗೆದ್ದಂತೆ. ಒಂದನ್ನು ಕಳೆದುಕೊಂಡರೂ ಉಸಿರಾಡಲು ಜಾಗವಿತ್ತು.

"ಒಂದೇ ಆಟ," ಎಂದಳು ಅಕ್ಕ. "ಕೆರಿ."

ಚಿಲಕ ಮೇಜಿನ ಮೂಲೆಯಲ್ಲಿ ನಿಂತು ಉಗುರಿನಿಂದ ಜೇಡಿ ಕೆರೆದಳು. ಚಿಟಿಕೆ ಚಿಟಿಕೆಯಾಗಿ ಹೋದದ್ದು ಹೆಬ್ಬೆರಳುದ್ದದ ಉಂಡೆಯಾಗಿ ಹೊರಬಂತು. ಮೌಸು ಮುಚ್ಚಿದ ಮೇಲೆ ಕೆಂಪು ಚೀಟಿ ಬಿತ್ತು.

ಮೊದಲ ಆಟ ನೋಡುವಂತಿರಲಿಲ್ಲ. ಬಾಗಿಲಿಗೆ ಚಿಲಕವೇ ಇರಲಿಲ್ಲ. ಉದ್ದ ಬಂದೂಕಿನ ಗುರಿ ಹಗ್ಗ ಬಿಚ್ಚಿದ ಕರುವಿನಂತೆ ಎತ್ತೆತ್ತಲೋ ಜಿಗಿಯಿತು. ಎದುರು ತಂಡಕ್ಕೆ ಎರಡೇ ಸುತ್ತಿನಲ್ಲಿ ಅದು ಗೊತ್ತಾಯಿತು. ಆಮೇಲೆ ಅವರು ಆ ಬಾಗಿಲಿನಿಂದಲೇ ಸಂತೆಗೆ ಬಂದವರ ಹಾಗೆ ಬಂದರು. ಹೆಡ್‌ಫೋನಿನಲ್ಲಿ ಅಕ್ಕನ ಧ್ವನಿ ಚಿಕ್ಕದಾಗುತ್ತ ಹೋಯಿತು. ಅವಳಿಗಳು ಜೋಕು ಮಾಡಲೂ ಇಲ್ಲ.

ಆದರೆ ಆ ಸೋಲಿನ ನಡುವೆ ವಿಚಿತ್ರವಾದದ್ದೊಂದು ನಡೆಯಿತು. ಒಬ್ಬ ಎದುರಾಳಿ ಸುತ್ತಿ ಬಳಸಿ ಚಿಲಕದ ಬೆನ್ನ ಹಿಂದೆ ಬಂದ. ಹೆಜ್ಜೆ ಸದ್ದು ಕೇಳಿದ್ದಷ್ಟೇ ಅವಳಿಗೆ ನೆನಪು. ಕೈ ತಾನಾಗಿ ಹೋಯಿತು, ಪರದೆ ಗರ್ರನೆ ತಿರುಗಿತು, ಅವನು ಬಂದೂಕೆತ್ತುವ ಮೊದಲೇ ಬಿದ್ದಿದ್ದ. ಹಳೇ ಮೌಸಿನಲ್ಲಾಗಿದ್ದರೆ ಅಷ್ಟು ತಿರುಗಲು ಎರಡು ಸಲ ಎತ್ತಿಡಬೇಕಿತ್ತು. ಮುಂದೆ ಇನ್ನೊಂದು ಸುತ್ತಿನಲ್ಲೂ ಹಾಗೇ ಆಯಿತು. ಕೈ ಮುಂಚೆ ಹೋಗಿ, ಮನಸ್ಸು ಆಮೇಲೆ ಬಂದು ಸೇರಿತು. ಎರಡು ಸಲವೂ ಅವಳ ಮೈ ಜುಮ್ಮೆಂದಿತು.

ಆಟ ಸೋತರು. ಎಲ್ಲರೂ ಹೆಡ್‌ಫೋನ್ ತೆಗೆದು ಕುರ್ಚಿಗಳನ್ನು ಹತ್ತಿರ ಎಳೆದುಕೊಂಡರು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ.

"ಸೂಜಿ, ಬಾ."

ಚಿಲಕ ಎದ್ದು ನಿಂತಳು. ಕೊಟ್ಟ ಮಾತು. ಕುರ್ಚಿಯ ಬೆನ್ನು ಹಿಡಿದ ಕೈ ಮಾತ್ರ ಬಿಡಲಿಲ್ಲ.

"ಅಕ್ಕಾ, ನನ್ನ ಜಾಗ ಬಿಡ್ತೀನಿ. ಆದ್ರೆ ಸೂಜಿಗಲ್ಲ, ನಿಂಗೆ."

"ಏನಂದೆ?"

"ಬಾಗಿಲು ನೀನು ಕಾಯಿ. ಮುಂದೆ ನಾನು ನುಗ್ತೀನಿ."

ಅವಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ನುಗ್ಗುವ ಜಾಗ ತಂಡ ಹುಟ್ಟಿದ ದಿನದಿಂದ ಅಕ್ಕನದು. ಮನೆಯ ಯಜಮಾನನ ಪೀಠವಿದ್ದ ಹಾಗೆ, ಅದರ ಮೇಲೆ ಯಾರೂ ಟವೆಲ್ ಕೂಡ ಇಡುತ್ತಿರಲಿಲ್ಲ.

"ಬಾಗಿಲಿಗೆ ನಿಂತ ಕೈ ಬೇಕು," ಚಿಲಕದ ಮಾತುಗಳು ಒಂದರ ಮೇಲೊಂದು ಬಿದ್ದವು. "ನಿನ್ನ ಮೌಸ್ ಭಾರ, ನಿನ್ನ ಕೈ ನಿಲ್ಲುತ್ತೆ. ನುಗ್ಗೋಕೆ ತಿರುಗೋ ಕೈ ಬೇಕು. ಈ ಮೌಸ್ ನಿಲ್ಲಲ್ಲ ಅಕ್ಕಾ, ತಿರುಗುತ್ತೆ. ನಾನೇ ದಡ್ಡಿ, ಅದಕ್ಕೆ ಮಣ್ಣು ತಿನ್ನಿಸಿ ತಿನ್ನಿಸಿ ನಿಲ್ಲಿಸೋಕೆ ನೋಡ್ತಿದ್ದೆ."

"ಸುಳ್ಳು ಹೇಳ್ದೋಳ ಮಾತು ನಾನ್ಯಾಕೆ ಕೇಳ್ಬೇಕು?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅವಳ ಮಾತು ಕೇಳ್ಬೇಡಮ್ಮ. ಆಟ ನೋಡು. ಹಿಂದಿಂದ ಬಂದೋರನ್ನ ಎರಡು ಸಲವೂ ಹೊಡೆದದ್ದು ಇವಳೇ. ನಾನಾಗಿದ್ರೆ ತಿರುಗೋ ಹೊತ್ತಿಗೆ ತಿಥಿ ಆಗಿರ್ತಿತ್ತು."

ಅಕ್ಕ ಸೂಜಿಯ ಕಡೆ ತಿರುಗಿದಳು. "ನೀನೇನಂತೀಯಾ?"

ಸೂಜಿ ತಡೆದು ತಡೆದು ಹೇಳಿದಳು. "ನಂಗೂ ಕೂರೋ ಆಸೆ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಕೂತ್ರೆ ಇನ್ನೊಂದು ಚಿಲಕ ಬರುತ್ತೆ ಅಷ್ಟೆ. ಅವರು ಈಗ ಬಾಗಿಲು ದಾಟೋದು ಕಲ್ತುಬಿಟ್ಟಿದ್ದಾರೆ."

ಗಂಟೆ ಬಾರಿಸಲು ತೀರ್ಪುಗಾರ್ತಿ ಕೈ ಎತ್ತಿದಳು. ಆಟಗಾರರನ್ನು ಬದಲಿಸುವುದಿದ್ದರೆ ಅದಕ್ಕೆ ಮೊದಲೇ ಹೇಳಬೇಕಿತ್ತು. ಅಕ್ಕ ತನ್ನ ಭಾರದ ಮೌಸಿನ ಮೇಲೆ ಅಂಗೈಯಿಟ್ಟಳು.

"ಉದ್ದ ಬಂದೂಕು ಮುಟ್ಟಿ ಎಷ್ಟು ಕಾಲ ಆಯ್ತೋ," ಎಂದಳು ತನಗೇ ಎಂಬಂತೆ. ಆಮೇಲೆ, "ಕೂತ್ಕೋ. ಬಾಗಿಲು ತಟ್ಟದೆ ನುಗ್ಬೇಡ, ಮೊದಲು ಸದ್ದು ಕೇಳು," ಎಂದಳು.

ಎರಡನೆಯ ಆಟದಲ್ಲಿ ಎದುರು ತಂಡ ಹಳೇ ಬಾಗಿಲಿಗೆ ಹಳೇ ಧೈರ್ಯದಿಂದಲೇ ಬಂತು. ಅಲ್ಲಿ ಅಕ್ಕ ಕೂತಿದ್ದಳು. ಅವಳ ಕೈ ಬಂಡೆಯಂತೆ ನಿಂತಿತ್ತು. ತಲೆ ಹಾಕಿದವರು ಹಾಕಿದಂತೆಯೇ ಬಿದ್ದರು. ಪಾಳಿ ಬದಲಾಗಿ ನುಗ್ಗುವ ಸರದಿ ಬಂದಾಗ ಚಿಲಕ ಮುಂದೆ ಓಡಿದಳು. ಎಡಕ್ಕೊಬ್ಬ, ಬಲಕ್ಕೊಬ್ಬ, ಮೆಟ್ಟಿಲ ಮೇಲೊಬ್ಬ. ಕೈ ದೀಪದ ಹುಳದಂತೆ ಹಾರಾಡಿತು. ಗುಂಡೆಲ್ಲ ತಾಗಲಿಲ್ಲ. ತಾಗಿದಷ್ಟು ಸಾಕಾಯಿತು. ಆಟ ಅವರದಾಯಿತು.

ಮೂರನೆಯದರಲ್ಲಿ ಎದುರಾಳಿಗಳು ಹುಷಾರಾದರು. ಒಂದು ಸುತ್ತು ಇವರಿಗೆ, ಒಂದು ಅವರಿಗೆ. ಕೊನೆಗೆ ಎರಡೂ ಕಡೆ ಸಮವಾಗಿ, ಉಳಿದದ್ದು ಒಂದೇ ಸುತ್ತು. ಅವಳಿಗಳು ಬೇಗನೆ ಸತ್ತರು. ಮೇಷ್ಟ್ರು ಸಾಯುವಾಗ ಇಬ್ಬರನ್ನು ಕರೆದುಕೊಂಡೇ ಹೋದರು. ಕಟ್ಟಡದೊಳಗೆ ಮೂವರು, ಹೊರಗೆ ಅಕ್ಕತಂಗಿ ಇಬ್ಬರೇ. ಸಭಾಂಗಣದ ಗದ್ದಲ ಹೆಡ್‌ಫೋನಿನಾಚೆ ಎಲ್ಲೋ ಹೊಳೆಯ ಸದ್ದಿನಂತಿತ್ತು.

"ಅಕ್ಕಾ, ಎಲ್ಲಿದ್ದೀಯಾ?"

"ಕಿಟಕಿ ನೋಡ್ತಿದ್ದೀನಿ. ಒಳಗೆ ಏನಿದೆ ಕಾಣ್ತಿಲ್ಲ."

"ನಾನು ಹೋದ್ರೆ ಕಾಣುತ್ತೆ."

"ಹೋದ್ರೆ ವಾಪಸ್ ಬರಲ್ಲ ನೀನು."

"ಗೊತ್ತು."

ಚಿಲಕ ಗೋಡೆಗೆ ಕಿವಿಗೊಟ್ಟವಳಂತೆ ನಿಂತು ಸದ್ದು ಕೇಳಿದಳು. ಬಲಗಡೆ ಒಂದು ಹೆಜ್ಜೆ. ನುಗ್ಗಿದಳು. ಬಲಕ್ಕೆ ತಿರುಗಿ ಹೊಡೆದಳು, ಒಬ್ಬ ಬಿದ್ದ. ಬೆನ್ನ ಹಿಂದೆ ಇನ್ನೊಬ್ಬ. ಮೌಸು ಗಾಳಿಯಂತೆ ಸುತ್ತಿತು, ಅವನೂ ಬಿದ್ದ. ಮೂರನೆಯವನನ್ನು ನೋಡಿದಳು, ಗುರಿ ಅವನನ್ನು ದಾಟಿ ಹೋಯಿತು. ದಾಟಿ ಹೋಗುವಾಗಲೇ ಅವಳ ಬಾಯಿ ಹೇಳಿತು, "ಪೆಟ್ಟಿಗೆ ಹಿಂದೆ, ಎಡಮೂಲೆ, ಕಿಟಕಿ ಕಡೆಗೇ ಓಡ್ತಿದ್ದಾನೆ."

ಪರದೆ ಕೆಂಪಾಯಿತು. ಅವಳು ಸತ್ತಳು.

ಅಕ್ಕನ ಕಡೆಯಿಂದ ಮೌಸಿನ ಒಂದು ಕ್ಲಿಕ್ಕು ಕೇಳಿಸಿತು. ಒಂದೇ ಒಂದು.

ಆಮೇಲೆ ಹೊಳೆ ದಡ ಮುರಿದು ಒಳಗೆ ಬಂದಂತಾಯಿತು. ಅವಳಿಗಳು ಕುರ್ಚಿ ಉರುಳಿಸಿ ಎದ್ದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ದನ್ನೇ ಒರೆಸಿದರು. ಸೂಜಿ ಹಿಂದಿನಿಂದ ಬಂದು ಚಿಲಕದ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. ಚಿಲಕ ಮಾತ್ರ ಎದ್ದೇಳಲಿಲ್ಲ. ಅವಳು ಅಕ್ಕನ ಮುಖವನ್ನೇ ಕಾಯುತ್ತಿದ್ದಳು.

ಅಕ್ಕ ಹೆಡ್‌ಫೋನ್ ತೆಗೆದು, ವೈರು ಸುತ್ತಿ, ಮೇಜಿನ ಮೇಲಿಟ್ಟಳು. ಕುರ್ಚಿಯನ್ನು ತಂಗಿಯ ಕಡೆ ತಿರುಗಿಸಿಕೊಂಡಳು.

"ಇನ್ಮೇಲೆ ಮುಂದೆ ನುಗ್ಗೋದು ನೀನೇ."

"ಹೂಂ."

"ಲೀಗಿನ ಮೊದಲ ಪಂದ್ಯ ಮಾತ್ರ ನೀನು ಆಡಲ್ಲ. ಸೂಜಿ ಆಡ್ತಾಳೆ. ಯಾಕೆ ಅಂತ ಕೇಳ್ತೀಯಾ?"

ಮೊದಲ ಪಂದ್ಯ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ.

"ಕೇಳಲ್ಲ," ಎಂದಳು ಚಿಲಕ.

"ಸರಿ." ಅಕ್ಕ ಅವಳ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ತೋಳು ಮೇಲೆ ಸರಿಸಿ, ಊದಿದ ಮಣಿಕಟ್ಟನ್ನು ಎರಡೂ ಹೆಬ್ಬೆರಳಿನಿಂದ ಮೆಲ್ಲನೆ ಒತ್ತತೊಡಗಿದಳು. "ನೋವಾದ್ರೆ ನೋವು ಅನ್ನು."

"ನೋವು," ಎಂದಳು ಚಿಲಕ.